ಬಳೆಯ ಅಳತೆ

ಅಳತೆ ಗೊತ್ತಿಲ್ಲ ಎಂದ ವಿಜೇತ್.

ಬಳೆ ಅಂಗಡಿಯ ಕುಂಞ ಹಸಿರು ಗಾಜಿನ ಬಳೆಗಳ ಗೊಂಚಲೊಂದನ್ನು ಬೆರಳಿಗೆ ಸಿಕ್ಕಿಸಿಕೊಂಡೇ ಅವನ ಮುಖ ನೋಡಿದ. ಬೆಳಿಗ್ಗೆ ಒಂಬತ್ತಾಗಿತ್ತಷ್ಟೆ. ನಾಯ್ಮಾರ್ಮೂಲೆಯ ಪೇಟೆ ಇನ್ನೂ ಪೂರ್ತಿ ಕಣ್ಣು ಬಿಟ್ಟಿರಲಿಲ್ಲ. ರಸ್ತೆಯಾಚೆ ಹೆದ್ದಾರಿ ಅಗಲ ಮಾಡುವ ಯಂತ್ರವೊಂದು ಮಣ್ಣನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಸುರಿಯುತ್ತಿತ್ತು. ತೆಗೆದ ಗುಂಡಿಯಲ್ಲಿ ಆಟಿ ತಿಂಗಳ ಮಳೆನೀರು ನಿಂತಿತ್ತು.

“ಹೆಂಡತಿಯ ಕೈ ಗೊತ್ತಿಲ್ಲವಾ ಮಾಷೇ?”

“ಹೆಂಡತಿಗಲ್ಲ. ತಂಗಿಗೆ.”

“ಹಾಗಾದರೆ ಒಂದು ಫೋನು ಮಾಡಿ ಕೇಳಿ. ಎರಡು ಆರಾ, ಎರಡು ಎಂಟಾ. ಅಷ್ಟೇ ಅಲ್ಲವಾ?”

ವಿಜೇತ್ ಕಿಸೆಯಿಂದ ಫೋನು ತೆಗೆದ. ತೆಗೆದ ಮೇಲೆ ಎಂತ ಮಾಡುವುದೆಂದು ತಿಳಿಯದೆ ಗಂಟೆ ನೋಡಿ ಪುನಃ ಒಳಗಿಟ್ಟ. ನಮಿತಾ ತೀರಿಹೋಗಿ ಮೂವತ್ತೆರಡು ವರ್ಷವಾಗಿತ್ತು.

“ಎತ್ತುವುದಿಲ್ಲ,” ಎಂದ.

ಕುಂಞನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹುಡುಗಿ ಸಪೂರವೋ ತೋರವೋ ಎಂದು ಕೇಳಿದ. ಅವಳಿ, ತನ್ನದೇ ಪ್ರಾಯ ಎಂದ ವಿಜೇತ್. ಮದುವೆಯಾ ಎಂದು ಕೇಳಿದ. ಹೌದು ಎಂದ. ಸ್ವಲ್ಪ ತಡವಾಯಿತಲ್ಲ ಮಾಷೇ, ಆದರೂ ಒಳ್ಳೆಯದೇ, ಹುಡುಗ ಎಲ್ಲಿಯವ ಎಂದು ಕೇಳಿದ. ಕುಂಜತ್ತೂರು.

“ಗಲ್ಫಿನಲ್ಲಿರುವುದಾ?”

“ಅಲ್ಲ. ಊರಲ್ಲೇ.”

ಕುಂಞ ಮೇಜಿನ ಗಾಜಿನ ಮೇಲೆ ಚಾಚಿಕೊಂಡಿದ್ದ ವಿಜೇತನ ಕೈಯನ್ನು ನೋಡಿದ. ಅದನ್ನು ಹಿಡಿದೆತ್ತಿ, ಗೆಣ್ಣುಗಳನ್ನು ಒಮ್ಮೆ ಒತ್ತಿ, ಬಿಟ್ಟ. “ನಿಮ್ಮ ಕೈ ಹೆಂಗಸರ ಕೈಯ ಹಾಗೇ ಉಂಟು. ಎರಡು ಆರು ಕೊಂಡುಹೋಗಿ. ಆಗದಿದ್ದರೆ ಬದಲಿಸಿ ಕೊಡುವ.”

ವಿಜೇತ್ ಎರಡೂ ಅಳತೆಯಲ್ಲಿ ಒಂದೊಂದು ಡಜನ್ ಕಟ್ಟಿಸಿಕೊಂಡ. ಒಂದೂ ಒಡೆಯಬಾರದೆಂದು ಅಮ್ಮ ಹೇಳಿದ್ದಳು. ಇಂಥ ದಿನ ಬಳೆ ಒಡೆದರೆ ಅದರ ಅರ್ಥವೇ ಬೇರೆ.

*

ಇದೆಲ್ಲ ಸೋದರಮಾವ ಚೆನ್ನಪ್ಪನ ಏರ್ಪಾಡು. ಮದುವೆಯಾಗದೆ ತೀರಿಹೋದವರು ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ಅವರ ಕಡೆಯ ನಂಬಿಕೆ. ಅವರು ಮನೆಯೊಳಗೇ ಇರುತ್ತಾರೆ, ಇದ್ದವರ ಜೊತೆಗೇ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ತಮ್ಮದೊಂದು ಮದುವೆ ಆಗದೆ ಉಳಿದವರದ್ದು ಆಗಲು ಬಿಡುವುದಿಲ್ಲ. ವಿಜೇತನಿಗೆ ಮೂವತ್ತೆಂಟು ಆದರೂ ಸಂಬಂಧ ಕೂಡಿ ಬರದಿರುವುದಕ್ಕೆ ಚೆನ್ನಪ್ಪ ಇದಕ್ಕಿಂತ ಬೇರೆ ಕಾರಣ ಹುಡುಕಲಿಲ್ಲ. ಬಂದ ಸಂಬಂಧಗಳನ್ನು ವಿಜೇತನೇ ಒಂದೊಂದಾಗಿ ಕೆಡಿಸಿದ್ದ. ಅದು ಚೆನ್ನಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೂ ಕೆಡಿಸಿದ್ದು ನಮಿತಳೇ ಎನ್ನುತ್ತಿದ್ದ.

ಅವಳ ಹಾಗೆಯೇ ತೀರಿಹೋದ ಹುಡುಗನೊಬ್ಬನನ್ನು ನಾಲ್ಕು ವರ್ಷ ಹುಡುಕಿದ್ದರು. ಒಬ್ಬ ಹುಡುಗ ಒಳ್ಳೆಯವನಿದ್ದ, ನಮಿತಳಿಗಿಂತ ಎರಡು ವರ್ಷ ಚಿಕ್ಕವನೆಂದು ಬಿಟ್ಟರು. ಕಡೆಗೆ ಕುಂಜತ್ತೂರಿನ ಅಮ್ಮು ಎಂಬವಳ ಮಗ ಸಿಕ್ಕಿದ. ಅಶ್ವಿತ್ ಎಂದು ಹೆಸರು. ಒಂಬತ್ತು ವರ್ಷಕ್ಕೆ ಹೋದವ, ಇದ್ದಿದ್ದರೆ ಈಗ ನಲವತ್ತೊಂದು. ಚೆನ್ನಪ್ಪ ಫೋನಿನಲ್ಲಿ ವರದಿ ಒಪ್ಪಿಸುವಾಗ, ಒಳ್ಳೆಯ ಕುಟುಂಬ, ಹುಡುಗನಿಗೆ ಕುಡಿತ ಗಿಡಿತ ಯಾವ ಅಭ್ಯಾಸವೂ ಇಲ್ಲ ಎಂದು ಹೇಳಿ ತಾನೇ ನಕ್ಕಿದ್ದ. ನಕ್ಕು ಕೂಡಲೇ, ದೇವರೇ ತಪ್ಪಾಯಿತು, ಎಂದಿದ್ದ.

ಇವತ್ತು ಮೂರು ಗಂಟೆಗೆ ಹುಡುಗನ ಕಡೆಯವರು ಹುಡುಗಿಯನ್ನು ನೋಡಲು ಬರುವುದಿತ್ತು. ಅವರದ್ದು ಎರಡು ಕ್ರಮವಂತೆ. ಮಣೆಯ ಮೇಲೆ ಸೀರೆ ಮಡಿಸಿ, ಬಳೆ ಹೂವು ಇಟ್ಟು, ಹಿಂದೆ ಕನ್ನಡಿ ನಿಲ್ಲಿಸಬೇಕು. ಹುಡುಗನ ತಾಯಿ ಹುಡುಗಿಯನ್ನು ಕನ್ನಡಿಯಲ್ಲಿ ಮಾತ್ರ ನೋಡುವುದು, ನೇರ ನೋಡುವುದಿಲ್ಲ. ಮತ್ತೊಂದು, ಹುಡುಗಿ ಹೇಗೆ ಹೋದದ್ದು ಎಂಬುದನ್ನು ಅವಳ ಒಡಹುಟ್ಟಿದವರೇ ತಮ್ಮ ಬಾಯಿಂದ ಹೇಳಬೇಕು. ಏನನ್ನೂ ಮುಚ್ಚಿಡಬಾರದು. ಮುಚ್ಚಿಟ್ಟರೆ ಕಟ್ಟಿದ ಗಂಟು ನಿಲ್ಲುವುದಿಲ್ಲ.

ಕನ್ನಡಿಯ ಮಾತು ವಿಜೇತನಿಗೆ ಚೋದ್ಯವೆನಿಸಿತ್ತು. ಎರಡನೆಯದನ್ನು ಕೇಳಿದಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

*

ವಿಜೇತನ ಕೆಲಸ ಎಂತದೆಂದು ಕೇಳಿದವರಿಗೆ ಅವನ ತಾಯಿ ಅಪ್ಪಿ, ಕಂಪ್ಯೂಟರಿನಲ್ಲಿ ಮಲೇರಿಯಕ್ಕೆ ಮದ್ದು ಅರೆಯುವುದು, ಎನ್ನುತ್ತಿದ್ದಳು. ಅದಕ್ಕಿಂತ ಸರಿಯಾಗಿ ಹೇಳಲು ಅವನಿಗೂ ಬರುತ್ತಿರಲಿಲ್ಲ.

ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಹಿಂದೆ ಅವನದೊಂದು ಕೋಣೆ. ನಾಲ್ಕು ಕಂಪ್ಯೂಟರು, ಅವನ್ನು ತಣ್ಣಗಿಡುವ ಒಂದು ಯಂತ್ರ. ಬಾಟಲಿಯಿಲ್ಲ, ಬೆಂಕಿಯಿಲ್ಲ, ವಾಸನೆಯಿಲ್ಲ. ಬೇರೆ ಅಧ್ಯಾಪಕರು ಅದನ್ನು ದೇವರ ಕೋಣೆ ಎಂದು ಹಾಸ್ಯ ಮಾಡುತ್ತಿದ್ದರು. ಒಳಗೆ ಹೋಗಬೇಕಾದರೆ ಚಪ್ಪಲಿ ತೆಗೆಯಬೇಕಾಗಿತ್ತು.

ಮಲೇರಿಯದ ಜೀವಿಗೆ ಬದುಕಲು ಒಂದು ಕಿಣ್ವ ಬೇಕು. ಮನುಷ್ಯನ ಮೈಯಲ್ಲೂ ಅದೇ ಕಿಣ್ವ ಉಂಟು, ಅದೇ ಕೆಲಸ ಮಾಡುತ್ತದೆ. ಎರಡರಲ್ಲೂ ಒಂದು ಸಣ್ಣ ಪೊಳ್ಳು ಜಾಗ ಇರುತ್ತದೆ, ಅಂಗಿಯ ಕಿಸೆಯ ಹಾಗೆ. ಮದ್ದು ಹೋಗಿ ಆ ಕಿಸೆಯಲ್ಲಿ ಕೂತರೆ ಕಿಣ್ವದ ಕೆಲಸ ನಿಲ್ಲುತ್ತದೆ. ಜೀವಿಯದ್ದರಲ್ಲಿ ಕೂರಬೇಕು, ಮನುಷ್ಯನದ್ದರಲ್ಲಿ ಕೂರಬಾರದು. ಕೂತರೆ ರೋಗದ ಜೊತೆ ರೋಗಿಯೂ ಹೋಗುತ್ತಾನೆ. ಕಷ್ಟವೆಂದರೆ ಎರಡು ಕಿಸೆಗಳೂ ಅವಳಿಗಳ ಹಾಗೆ. ಒಂದೇ ಒಂದು ಮೂಲೆಯಲ್ಲಿ ವ್ಯತ್ಯಾಸ. ಮನುಷ್ಯನದ್ದರಲ್ಲಿ ಆ ಮೂಲೆಗೆ ಒಂದು ಉಬ್ಬು ಅಡ್ಡ ಬಂದಿದೆ. ಜೀವಿಯದ್ದರಲ್ಲಿ ಆ ಮೂಲೆ ಖಾಲಿ.

ಆ ಖಾಲಿ ಮೂಲೆಯನ್ನು ನಂಬಿ ಅವನೂ ಅವನ ಸಂಶೋಧನ ವಿದ್ಯಾರ್ಥಿನಿ ನಿಖಿತಾಳೂ ಮೂರು ವರ್ಷ ಕೂತಿದ್ದರು. ಲಕ್ಷಗಟ್ಟಲೆ ಅಣುಗಳನ್ನು ಒಂದೊಂದಾಗಿ ಪರದೆಯ ಮೇಲೆ ಆ ಕಿಸೆಯಲ್ಲಿ ಕೂರಿಸಿ ನೋಡುವುದು. ಎಷ್ಟು ಚೆನ್ನಾಗಿ ಕೂತಿತೆಂಬುದಕ್ಕೆ ಕಂಪ್ಯೂಟರು ಒಂದು ಅಂಕಿ ಕೊಡುತ್ತದೆ. ಸೊನ್ನೆಯಿಂದ ಎಷ್ಟು ಕೆಳಗಿಳಿದರೆ ಅಷ್ಟು ಒಳ್ಳೆಯದು. ಕಡೆಗೆ ಆರಿಸಿ ಉಳಿಸಿದವುಗಳಲ್ಲಿ ಹದಿನೇಳನೆಯ ಅಣು ಒಂದು ಸಣ್ಣ ತೋಳು ಚಾಚಿ ಆ ಮೂಲೆಯನ್ನು ತುಂಬಿಬಿಟ್ಟಿತ್ತು. ಮನುಷ್ಯನ ಕಿಸೆಯಲ್ಲಿ ಅದೇ ತೋಳು ಉಬ್ಬಿಗೆ ತಾಗಿ ಹೊರಗೇ ನಿಂತಿತ್ತು. ಒಂದು ವಿಚಾರಗೋಷ್ಠಿಯಲ್ಲಿ ಆ ಎರಡು ಚಿತ್ರಗಳನ್ನು ತೋರಿಸಿದಾಗ ಜನ ಎದ್ದು ನಿಂತು ಫೋಟೋ ತೆಗೆದಿದ್ದರು.

ಅಣುವನ್ನು ನಿಜವಾಗಿ ತಯಾರಿಸಿ ಪರೀಕ್ಷೆ ಮಾಡಲು ದೂರದ ಊರಿನ ಪ್ರಯೋಗಾಲಯಕ್ಕೆ ಕೊಟ್ಟಿದ್ದರು. ಅದರ ಉತ್ತರ ಈ ದಿನ ಬೆಳಿಗ್ಗೆ ಬಂದಿತ್ತು. ಎರಡೇ ಸಾಲು. ಹದಿನೇಳು ಮಲೇರಿಯದ ಜೀವಿಯನ್ನು ಕೊಲ್ಲುತ್ತದೆ. ಮನುಷ್ಯನ ಜೀವಕೋಶವನ್ನೂ ಅಷ್ಟೇ ಪ್ರಮಾಣದಲ್ಲಿ ಕೊಲ್ಲುತ್ತದೆ.

ವಿಜೇತ್ ಬಳೆಯ ಕಟ್ಟನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟು ಆ ಎರಡು ಸಾಲನ್ನು ಓದಿದ. ಅವನಿಗೆ ದುಃಖವಾಗಲಿಲ್ಲ. ದುಃಖವಾಗಬೇಕಾದ ಜಾಗವನ್ನು ಅವನು ನಾಲಿಗೆಯಿಂದ ಹಲ್ಲು ಬಿದ್ದ ಸಂದನ್ನು ಮುಟ್ಟುವ ಹಾಗೆ ಮುಟ್ಟಿ ನೋಡಿದ.

ನಿಖಿತಾ ಎಂಟು ಗಂಟೆಗೇ ಬಂದು ಕೂತಿದ್ದಳು. ಅವಳ ಕಣ್ಣು ಕೆಂಪಗಿತ್ತು. ಪರದೆಯ ಮೇಲೆ ಕಿಣ್ವದ ಮೂಲ ಚಿತ್ರವನ್ನು, ಅಂದರೆ ಹರಳುಗಟ್ಟಿಸಿ ಕ್ಷ-ಕಿರಣದಲ್ಲಿ ತೆಗೆದ ಮೊದಲ ನಕ್ಷೆಯನ್ನು, ತೆರೆದಿಟ್ಟಿದ್ದಳು.

“ಇದು ನೋಡಿ ಸರ್.”

“ಎಂತದು?”

“ನೀರು. ಆ ಮೂಲೆಯಲ್ಲಿ. ಒಂದೇ ಒಂದು.”

ಒಂದು ಕೆಂಪು ಚುಕ್ಕೆ. ಮೂರು ಕಡೆಯಿಂದ ಮೂರು ಸಪೂರ ಗೆರೆಗಳು ಅದನ್ನು ಹಿಡಿದುಕೊಂಡಿದ್ದವು.

“ನಮ್ಮ ಮಾಡೆಲಿನಲ್ಲಿ ಇದು ಇಲ್ಲ,” ಎಂದ ವಿಜೇತ್.

“ಇಲ್ಲ. ನಾವು ತೆಗೆದದ್ದು.”

ಮೂಲ ನಕ್ಷೆಯಲ್ಲಿ ನೀರಿನ ಅಣುಗಳು ನೂರಾರು ಇರುತ್ತವೆ. ಕೆಲಸ ಶುರು ಮಾಡುವ ಮೊದಲು ಅವನ್ನೆಲ್ಲ ತೆಗೆದು ಜಾಗ ಶುಚಿ ಮಾಡಿಕೊಳ್ಳುವುದು ಈ ವಿದ್ಯೆಯಲ್ಲಿ ರೂಢಿ. ಒಂಬತ್ತು ವರ್ಷದ ಹಿಂದೆ ವಿಜೇತನೇ ಬರೆದಿಟ್ಟ ಆಜ್ಞೆಗಳ ಪಟ್ಟಿಯಲ್ಲಿ ಮೊದಲ ಸಾಲು ಅದೇ ಆಗಿತ್ತು: ನೀರನ್ನೆಲ್ಲ ಅಳಿಸು. ಹೆಚ್ಚಿನವು ಅಳಿಸಬೇಕಾದವೇ. ಇದೊಂದು ಮಾತ್ರ ಅಲ್ಲಿ ಗಟ್ಟಿಯಾಗಿ ಕೂತಿತ್ತು. ನಿಜದ ಕಿಣ್ವದಲ್ಲಿ ಅಣುವಿನ ತೋಳಿಗೆ ಒಳಗೆ ಎಡೆಯೇ ಇರಲಿಲ್ಲ. ಅದು ಮನುಷ್ಯನದ್ದರಲ್ಲಿ ನಿಂತ ಹಾಗೆಯೇ ಇಲ್ಲೂ ಬಾಗಿಲಲ್ಲಿ ನಿಂತಿತ್ತು. ಉಳಿದ ಮೈ ಎರಡು ಕಿಸೆಗಳಲ್ಲೂ ಒಂದೇ ಹಾಗೆ ಕೂತು ಎರಡನ್ನೂ ಕೊಂದಿತ್ತು. ಖಾಲಿ ಎಂದುಕೊಂಡ ಜಾಗ ಖಾಲಿಯಾಗಿರಲಿಲ್ಲ.

“ಮೊದಲ ವರ್ಷ ನೀನು ಇದನ್ನು ಕೇಳಿದ್ದೆ ಅಲ್ಲವಾ?” ಎಂದ.

“ನೆನಪಿಲ್ಲ ಸರ್.”

ಅವಳಿಗೆ ನೆನಪಿತ್ತು. ಆಮೇಲೆ ಅವಳೇ, ಪರದೆಯ ಕಡೆಗೇ ನೋಡುತ್ತಾ, “ನೀರು ಇಡಬೇಕಾ ಅಂತ ಕೇಳಿದ್ದೆ. ಮನೆ ಖಾಲಿ ಮಾಡಿ ಗುಡಿಸಿದ ಮೇಲೆಯೇ ಹೊಸಬರನ್ನು ಕೂರಿಸುವುದು ಮಾರಾಯ್ತಿ, ಅಂತ ಹೇಳಿದ್ದಿರಿ,” ಎಂದಳು.

“ನಾನು ಹಾಗೆ ಹೇಳಿದೆನಾ?”

“ನಗುತ್ತಾ ಹೇಳಿದ್ದಿರಿ. ನೀವು ನಗುವುದು ಅಪರೂಪ. ಹಾಗೆ ನೆನಪು.”

ವರದಿಯಲ್ಲಿ ಏನು ಬರೆಯುವುದೆಂದು ಅವಳು ಕೇಳಿದಳು. ನಾಳೆ ನೋಡುವ ಎಂದ. ತಪ್ಪು ಎಲ್ಲಿ ಆಯಿತೆಂದು ಬರೆಯಲೇಬೇಕಲ್ಲ ಎಂದಳು. ನಾಳೆ, ಎಂದ. ಅವಳು ಇನ್ನು ಕೇಳಲಿಲ್ಲ. ಅವಳು ಜಗಳ ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಒಂದು ನೀರಿನ ಚುಕ್ಕೆ ಅವಳ ಮೂರು ವರ್ಷವನ್ನು ತಿಂದಿತ್ತು, ಮತ್ತು ಅವಳು, “ಟೀ ತರಲಾ ಸರ್?” ಎಂದಳು.

*

ಟೀ ಕಹಿಯಾಗಿತ್ತು. ಸಕ್ಕರೆ ಹಾಕಲು ಮರೆತಿದ್ದರು.

ಕಹಿ ಎಂದರೆ ವಿಜೇತನಿಗೆ ಒಂದೇ ನೆನಪು. ಅದನ್ನು ಅವನು ದಿನಕ್ಕೊಮ್ಮೆ ತೆಗೆದು ನೋಡಿ, ಪುನಃ ಮಡಿಸಿ ಇಡುತ್ತಿದ್ದ. ಇವತ್ತು ಮಡಿಸಲು ಆಗಲಿಲ್ಲ.

ಆಗ ಅವರು ಮಧೂರಿನ ಹತ್ತಿರ, ಹೊಳೆಯ ಬದಿಯ ಒಂದು ಸಣ್ಣ ಹೆಂಚಿನ ಮನೆಯಲ್ಲಿದ್ದರು. ಅಪ್ಪ ಲಾರಿಯಲ್ಲಿ ಊರೂರು ತಿರುಗುತ್ತಿದ್ದ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಕ್ಕಳಿಬ್ಬರಿಗೆ ಆರು ವರ್ಷ. ಒಂದೇ ದಿನ ಇಬ್ಬರಿಗೂ ಚಳಿಜ್ವರ ಬಂತು. ಆಸ್ಪತ್ರೆಯಲ್ಲಿ ರಕ್ತ ನೋಡಿ ಮಲೇರಿಯ ಎಂದರು. ಒಬ್ಬೊಬ್ಬರಿಗೆ ಐದೈದು ಮಾತ್ರೆ: ಮೊದಲ ದಿನ ಎರಡು, ಮರುದಿನ ಎರಡು, ಮೂರನೆಯ ದಿನ ಒಂದು.

ಸಂಜೆ ಅಮ್ಮ ಮಡಿಲ ಮೇಲಿನ ಮೊರವನ್ನು ಇಳಿಸದೆಯೇ ಇಬ್ಬರ ಅಂಗೈಗೂ ಎರಡೆರಡು ಮಾತ್ರೆ ಹಾಕಿದಳು. ನೀರಿನ ಚೆಂಬು ತೋರಿಸಿ, ನುಂಗಿ, ಎಂದು ಹೇಳಿ ಬೀಡಿಯ ಕಡೆಗೆ ತಿರುಗಿದಳು. ಕತ್ತಲಾಗುವ ಮೊದಲು ಕಟ್ಟು ಮುಗಿಯಬೇಕಾಗಿತ್ತು. ವಿಜೇತ್ ಒಂದನ್ನು ನಾಲಿಗೆಗೆ ಮುಟ್ಟಿಸಿದ. ಅಂಥ ಕಹಿಯನ್ನು ಅವನು ಅಲ್ಲಿಯ ವರೆಗೆ ಕಂಡಿರಲಿಲ್ಲ. ಒಳಗಿನ ಕೋಣೆಯ ಬಾಗಿಲ ಮರದ ಚೌಕಟ್ಟಿಗೂ, ಅಂದರೆ ದಾರಂದಕ್ಕೂ, ಗೋಡೆಗೂ ನಡುವೆ ಒಂದು ಸಂದಿ ಇತ್ತು. ಎರಡು ಮಾತ್ರೆಗಳನ್ನೂ ಅದರೊಳಗೆ ದೂಡಿದ.

ನಮಿತಾ ನೋಡುತ್ತಿದ್ದಳು. “ನಾನೂ?” ಎಂದಳು.

ಅವನು ಸರಿದು ಜಾಗ ಬಿಟ್ಟುಕೊಟ್ಟ. ಅಮ್ಮನಿಗೆ ಹೇಳಬಾರದು ಎಂದ. ತಂಗಿಯ ದನಿಯಲ್ಲಿ ಅವನಿಗೆ ಈಗ ನೆನಪಿರುವುದು ಆ ಒಂದು ಮಾತು ಮಾತ್ರ. ಅದು ದನಿಯ ನೆನಪೋ ಮಾತಿನ ನೆನಪೋ ಎಂಬುದೂ ಗೊತ್ತಿಲ್ಲ.

ಮರುದಿನ ಅವನ ಜ್ವರ ಏರಿತು. ಗೋಡೆ ಹತ್ತಿರ ಬಂದ ಹಾಗೆ ಕಂಡು ಹೆದರಿ, ಅವತ್ತಿನ ಮಾತ್ರೆಯನ್ನು ಕಣ್ಣು ಮುಚ್ಚಿ ನುಂಗಿದ. ಅದರ ಮರುದಿನದ್ದನ್ನೂ ನುಂಗಿದ. ನಮಿತಾ ನುಂಗಲಿಲ್ಲ. ಅವಳು ಸಂದಿಯ ಕಡೆ ಹೋಗುವುದನ್ನು ಅವನು ಚಾಪೆಯಲ್ಲಿ ಮಲಗಿಕೊಂಡು ಎರಡು ಸಲ ನೋಡಿದ. ಹೇಳಬಾರದೆಂದು ಮಾತಾಗಿತ್ತಲ್ಲ, ಹೇಳಲಿಲ್ಲ. ಐದನೆಯ ದಿನ ಅವಳಿಗೆ ಅಮ್ಮನ ಗುರುತು ಸಿಗಲಿಲ್ಲ. ಏಳನೆಯ ದಿನ ಆಸ್ಪತ್ರೆಯಲ್ಲಿ ತೀರಿಹೋದಳು. ಈ ಮದ್ದು ಈಗೀಗ ಕೆಲವರಿಗೆ ಹಿಡಿಯುವುದಿಲ್ಲ ಎಂದರು ಅಲ್ಲಿಯವರು. ಒಬ್ಬನಿಗೆ ಹಿಡಿಯಿತು, ಒಬ್ಬಳಿಗೆ ಹಿಡಿಯಲಿಲ್ಲ, ದೇವರ ಲೆಕ್ಕ ಎಂದರು ಊರವರು.

ಅವನ ಪಿಎಚ್.ಡಿ. ಪ್ರಬಂಧದ ಮೊದಲ ಪುಟದಲ್ಲಿ, ಮದ್ದಿಗೆ ಬಗ್ಗದ ಮಲೇರಿಯಕ್ಕೆ ಬಲಿಯಾದ ತಂಗಿಗೆ, ಎಂದು ಅರ್ಪಣೆ ಇತ್ತು. ಸಂದರ್ಶನದಲ್ಲಿ ಒಬ್ಬರು ಅದನ್ನು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಅವನಿಗೆ ಕೆಲಸ ಸಿಕ್ಕಿತ್ತು.

ವಿಜೇತ್ ಹೊರಡುವಾಗ ನಿಖಿತಾ, ನೀರು ಸೇರಿಸಿ ಲೆಕ್ಕವನ್ನು ಪುನಃ ಓಡಿಸಲಾ ಎಂದು ಕೇಳಿದಳು. ಓಡಿಸು ಎಂದ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಕಂಪ್ಯೂಟರು ಉಸಿರಾಡಲು ಶುರು ಮಾಡಿದ್ದು ಕೇಳಿಸಿತು.

*

ಮನೆಯ ಅಂಗಳದಲ್ಲಿ ಹೂಕುಂಡಗಳನ್ನೆಲ್ಲ ಬೋರಲು ಹಾಕಿತ್ತು. ಹೋದ ವಾರ ಆರೋಗ್ಯ ಇಲಾಖೆಯ ಹೆಂಗಸರು ಬಂದು ಕುಂಡದ ತಟ್ಟೆಯ ನೀರಿನಲ್ಲಿ ಸೊಳ್ಳೆಮರಿ ತೋರಿಸಿ, ಇಷ್ಟು ಓದಿದವರ ಮನೆಯಲ್ಲಿ ಹೀಗಾ, ನಿಮಗೆ ಎಂತ ಕೆಲಸ, ಎಂದು ಕೇಳಿದ್ದರು. ಕಾಲೇಜಿನಲ್ಲಿ ಎಂದಷ್ಟೇ ಹೇಳಿದ್ದ. ಅವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ತಾರೀಕು ಇನ್ನೂ ಇತ್ತು.

ಚೆನ್ನಪ್ಪ ಬಿಳಿ ಪಂಚೆಯುಟ್ಟು ಜಗಲಿಯಲ್ಲಿ ನಿಂತಿದ್ದ. ಮಧೂರಿನಿಂದ ಬೆಳಿಗ್ಗೆಯೇ ತಂದ ಅಪ್ಪದ ಪ್ರಸಾದವನ್ನು ಅಮ್ಮ ದೇವರ ಮುಂದೆ ಇಟ್ಟಿದ್ದಳು. ಅವಳು ಒಳಗಿನ ಕೋಣೆಯಿಂದ ಬಂದು ಬಳೆಯ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಎಷ್ಟು ಅಳತೆ?”

“ಎರಡೂ ತಂದಿದ್ದೇನೆ.”

ಅವಳು ಏನೋ ಹೇಳಲು ಹೊರಟು, ಅವನ ಕೈಯನ್ನೊಮ್ಮೆ ನೋಡಿ, ಒಳಗೆ ಹೋದಳು. ತೆರೆದ ಬಾಗಿಲಲ್ಲಿ ಮಣೆ ಕಾಣಿಸಿತು. ಹಳದಿ ಸೀರೆ, ಕೆಂಪು ಅಂಚು. ಹಿಂದೆ ನಿಲ್ಲಿಸಿದ್ದು ಅವನು ಗಡ್ಡ ಹೆರೆಯುವ ದುಂಡು ಕನ್ನಡಿ. ಮನೆಯಲ್ಲಿ ನಿಲ್ಲಿಸಲು ಬರುವ ಕನ್ನಡಿ ಅದೊಂದೇ ಇದ್ದದ್ದು.

ಮೂರು ಗಂಟೆಗೆ ಕುಂಜತ್ತೂರಿನವರು ಬಂದರು. ಅಮ್ಮು ಮತ್ತು ಅವಳ ಅಣ್ಣನೊಬ್ಬ. ಅಮ್ಮು ಎಪ್ಪತ್ತರ ಸಪೂರ ಹೆಂಗಸು. ಕೊಡೆಯ ನೀರು ಒಳಗೆ ಬೀಳದ ಹಾಗೆ ಮೆಟ್ಟಿಲಲ್ಲೇ ಕೊಡವಿ, ಕಾಲು ತೊಳೆದು, ಒಳಗೆ ಬಂದಳು. ಕೂತು ನೀರು ಕುಡಿದಳು. ಅಪ್ಪಿ ಲೋಟ ತೆಗೆದುಕೊಳ್ಳುವಾಗ ಅಮ್ಮು ಅವಳ ದಡ್ಡುಗಟ್ಟಿದ ಹೆಬ್ಬೆರಳನ್ನು ನೋಡಿ, “ನೀವೂ ಬೀಡಿಯವರಾ?” ಎಂದಳು.

“ಮೂವತ್ತು ವರ್ಷ.”

“ನಾನು ಮೂವತ್ತೈದು.”

ಇಬ್ಬರು ಹೆಂಗಸರೂ ಸ್ವಲ್ಪ ನಕ್ಕರು. ಆಮೇಲೆ ಎಲೆಯ ಮಾತು, ಹೊಗೆಸೊಪ್ಪಿನ ಕೆಮ್ಮಿನ ಮಾತು, ಸೊಂಟದ ಮಾತು. ಚೆನ್ನಪ್ಪನೂ ಅಮ್ಮುವಿನ ಅಣ್ಣನೂ ಹೆದ್ದಾರಿಯಿಂದ ಯಾರ ಯಾರ ಅಂಗಳ ಹೋಯಿತೆಂದು ಮಾತಾಡಿದರು. ಮಾಮೂಲು ಹೆಣ್ಣು ನೋಡುವ ಶಾಸ್ತ್ರದ ಹಾಗೆಯೇ ಇತ್ತು. ಹೆಣ್ಣು ಒಳಗೆ ಅಲಂಕಾರ ಮಾಡಿಕೊಳ್ಳುತ್ತಿದ್ದಾಳೆ ಎಂದು ವಿಜೇತನಿಗೂ ಒಂದು ಕ್ಷಣ ಅನಿಸಿತು. ಅಪ್ಪಿ ಎದ್ದು ಒಳಗೆ ಹೋದಳು, ಪರದೆ ಇಳಿಬಿಟ್ಟಳು.

ಆಗ ಅಮ್ಮು ಸೆರಗು ಸರಿಮಾಡಿಕೊಂಡು, ಯಾರನ್ನೂ ನೋಡದೆ ಹೇಳಿದಳು:

“ನಮ್ಮವನು ಕಾಮಾಲೆಯಲ್ಲಿ ಹೋದದ್ದು. ದೊಡ್ಡ ಆಸ್ಪತ್ರೆಗೆ ಕೊಂಡುಹೋಗು ಅಂತ ಎಲ್ಲರೂ ಹೇಳಿದರು. ನಾನು ಹಸಿಮದ್ದು ಕೊಡುತ್ತಾ ಹನ್ನೊಂದು ದಿನ ಕೂತೆ. ತಪ್ಪು ನನ್ನದು. ಇದನ್ನು ಹೇಳದೆ ನಾನು ಯಾರ ಮನೆಯ ಹೆಣ್ಣನ್ನೂ ಕೇಳುವುದಿಲ್ಲ. ಇನ್ನು ನಿಮ್ಮದು ಹೇಳಿ.”

ಮಾತು ಮುಗಿದ ಮೇಲೂ ಅವಳ ಮುಖದಲ್ಲಿ ಅಳು ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಹೇಳಿ ಹೇಳಿ ಮಾತು ನುಣ್ಣಗಾಗಿತ್ತು, ಹೊಳೆಯ ಕಲ್ಲಿನ ಹಾಗೆ. ಇಷ್ಟು ಸುಲಭವಾ, ಎಂದುಕೊಂಡ ವಿಜೇತ್.

“ಜ್ವರ,” ಎಂದ ಚೆನ್ನಪ್ಪ. “ಮಲೇರಿಯ. ಮದ್ದು ಕೊಟ್ಟಿದ್ದರು. ಹಿಡಿಯಲಿಲ್ಲ.”

“ನೀವು ಹೇಳಿದರೆ ಆಗಲಿಕ್ಕಿಲ್ಲ. ಒಡಹುಟ್ಟಿದವ ಹೇಳಲಿ.”

ಎಲ್ಲರೂ ವಿಜೇತನನ್ನು ನೋಡಿದರು. ಚೆನ್ನಪ್ಪ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರೆ ಮುಗಿಯುತ್ತಿತ್ತು. ಆ ಮಾತನ್ನು ಅವನು ಎಷ್ಟೋ ಸಲ ಹೇಳಿದ್ದ, ಅಚ್ಚು ಹಾಕಿಸಿಯೂ ಇದ್ದ. ಬಾಯಿ ತೆರೆದ.

“ಮಗಾ,” ಎಂದು ಒಳಗಿಂದ ಅಮ್ಮ ಕರೆದಳು. “ಒಮ್ಮೆ ಒಳಗೆ ಬಾ. ಬಳೆ ನೋಡಬೇಕು.”

*

ಕೋಣೆಯಲ್ಲಿ ಮಲ್ಲಿಗೆಯ ಮತ್ತು ತೆಂಗಿನೆಣ್ಣೆಯ ವಾಸನೆ ಇತ್ತು. ಅಮ್ಮ ಮಣೆಯ ಬಳಿ ನೆಲದಲ್ಲಿ ಕೂತಿದ್ದಳು. ಎರಡು ಅಳತೆಯ ಬಳೆಗಳನ್ನೂ ಸೀರೆಯ ಮೇಲೆ ಬೇರೆ ಬೇರೆಯಾಗಿ ಜೋಡಿಸಿದ್ದಳು.

“ಕೂರು. ಕೈ ಕೊಡು.”

“ನನ್ನ ಕೈಯಾ?”

“ಮತ್ತೆ ಯಾರ ಕೈ ಉಂಟು ಇಲ್ಲಿ? ಸಣ್ಣದಿರುವಾಗ ಇಬ್ಬರದ್ದೂ ಒಂದೇ ಅಳತೆ. ನಿನ್ನ ಅಂಗಿ ಅವಳಿಗೆ, ಅವಳದ್ದು ನಿನಗೆ.”

ಅವನು ಮಂಡಿಯೂರಿ ಕೂತು ಎಡಗೈ ಚಾಚಿದ. ಅವಳು ಅಂಗೈಗೆ ಎಣ್ಣೆ ಸುರಿದು, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಗೆಣ್ಣುಗಳನ್ನು ಬೀಡಿ ಸುರುಳುವ ಹಾಗೆ ಒತ್ತಿ ಹಿಡಿದು, ಸಣ್ಣ ಅಳತೆಯ ಒಂದು ಬಳೆಯನ್ನು ಮೆಲ್ಲಗೆ ಏರಿಸಿದಳು. ನೋವಾಯಿತು. ಬಳೆ ಗೆಣ್ಣಿನ ಬಳಿ ನಿಂತಿತು, ತಿರುಗಿತು, ಒಂದು ಕ್ಷಣ ಒಡೆಯುತ್ತದೆ ಎನಿಸಿತು. ಆಮೇಲೆ ಜಾರಿ ಮಣಿಕಟ್ಟಿಗೆ ಬಂದು ಕೂತಿತು.

“ಇದೇ ಅಳತೆ,” ಎಂದಳು ಅಮ್ಮ.

ಆದರೆ ಕೈ ಬಿಡಲಿಲ್ಲ. ದನಿ ಇನ್ನೂ ತಗ್ಗಿಸಿದಳು.

“ಮಧೂರಿನ ಮನೆ ಬಿಚ್ಚುವಾಗ ದಾರಂದದ ಹಿಂದೆ ಮಾತ್ರೆ ಸಿಕ್ಕಿತ್ತು.”

ಹೊರಗೆ ಚೆನ್ನಪ್ಪ ಯಾವುದೋ ಸೇತುವೆಯ ಬಗ್ಗೆ ಹೇಳುತ್ತಿದ್ದ.

“ಯಾವಾಗ?” ಎಂದ ವಿಜೇತ್.

“ನೀನು ಹೈದರಾಬಾದಿನಲ್ಲಿ ಓದುವಾಗ. ಗೆದ್ದಲು ಹಿಡಿದು ಮರ ಬಿದ್ದದ್ದು. ಮಾತ್ರೆಗೆ ಒಂದು ಹುಳ ಸಹ ಮುಟ್ಟಿರಲಿಲ್ಲ.”

“ಎಂತಕ್ಕೆ ಹೇಳಲಿಲ್ಲ?”

“ನೀನು ಹೇಳುತ್ತಿ ಅಂತ ಕಾದೆ.”

ಅವಳು ಬಳೆಯನ್ನು ಮಣಿಕಟ್ಟಿನಲ್ಲಿ ಒಂದು ಸುತ್ತು ತಿರುಗಿಸಿದಳು.

“ಏಳು ಇತ್ತು, ಮಗಾ. ಅವಳಿಗೆ ಕೊಟ್ಟದ್ದು ಐದೇ.”

ಅವನಿಗೆ ತನ್ನ ಕೈ ತನ್ನದಲ್ಲವೆಂಬಂತೆ ಅಲ್ಲಿ ಎಣ್ಣೆಯಲ್ಲಿ ಹೊಳೆಯುವುದು ಕಾಣಿಸಿತು. ಹದಿನೈದು ವರ್ಷದಿಂದ ಅವಳು ಅನ್ನ ಬಡಿಸಿದ್ದಳು, ಬಟ್ಟೆ ಮಡಿಸಿದ್ದಳು, ಕಂಪ್ಯೂಟರಿನಲ್ಲಿ ಮಲೇರಿಯಕ್ಕೆ ಮದ್ದು ಅರೆಯುವುದು ಎಂದು ನೆರೆಯವರಿಗೆ ಹೇಳಿದ್ದಳು. ಎದುರಿಗಿದ್ದ ಜಾಗವನ್ನು ಖಾಲಿ ಎಂದುಕೊಂಡು ಅವನು ಅದರ ಸುತ್ತ ಓಡಾಡಿದ್ದ.

“ನಾನು ಅವತ್ತು ತಿರುಗಿ ನೋಡಲಿಲ್ಲ,” ಎಂದಳು ಅಮ್ಮ. “ಕಟ್ಟು ಮುಗಿಸುವುದಿತ್ತು.” ಪರದೆಯ ಕಡೆ ನೋಡಿ, “ಈಗ ನೀನು ಹೇಳುತ್ತೀಯಾ, ನಾನು ಹೇಳಲಾ?”

ಉತ್ತರದ ಬದಲು ಅವನು ಬಳೆ ತೆಗೆಯಲು ನೋಡಿದ. ಅದು ಬರಲಿಲ್ಲ. ಗೆಣ್ಣು ಕೆಂಪಗೆ ಬಾತಿತ್ತು. ಇನ್ನಷ್ಟು ಎಣ್ಣೆ ಹಾಕಿದ, ಹೆಬ್ಬೆರಳನ್ನು ಮಡಚಿದ, ಎಳೆದ. ಬಳೆ ಬೆರಳುಬುಡದ ವರೆಗೆ ಬಂದು ಅಲ್ಲೇ ಕಚ್ಚಿತು. “ಒಡೆಯಬೇಡ,” ಎಂದಳು ಅಮ್ಮ. “ಇವತ್ತು ಒಡೆಯಬಾರದು.”

ಹೊರಗೆ ಮಾತು ನಿಂತಿತು. ಕುರ್ಚಿ ಸರಿದ ಸದ್ದಾಯಿತು. “ತಡವಾಗುತ್ತದೆ ಅಲ್ಲವಾ,” ಎಂದಿತು ಅಮ್ಮುವಿನ ದನಿ, “ಮೊದಲು ಹುಡುಗಿಯನ್ನು ನೋಡುವ. ಮಾತು ಅವಳ ಎದುರೇ ಆಗಲಿ.”

ಏಳಲು ಸಮಯವಿರಲಿಲ್ಲ. ಎದ್ದರೂ ಹೋಗಲು ಬೇರೆ ಬಾಗಿಲಿರಲಿಲ್ಲ. ವಿಜೇತ್ ಬಲಕ್ಕೆ ಸರಿದು ಗೋಡೆಗೆ ಒರಗಿದ. ಎಡಗೈ ಮಾತ್ರ ಸೀರೆಯ ಮೇಲೆ, ಉಳಿದ ಬಳೆಗಳ ನಡುವೆ ಉಳಿಯಿತು. ಎಳೆದುಕೊಂಡರೆ ಅವೆಲ್ಲ ಉರುಳಿ ಒಡೆಯುತ್ತಿದ್ದವು.

ಪರದೆ ಸರಿಯಿತು. ಅಮ್ಮು ಅವರ ಮನೆಯ ಕ್ರಮದಂತೆ ಕಣ್ಣು ತಗ್ಗಿಸಿಯೇ ಒಳಗೆ ಬಂದು, ಮಣೆಯ ಎದುರು ಕೂತು, ಎಡಬಲ ನೋಡದೆ ಕನ್ನಡಿಯನ್ನಷ್ಟೇ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಉಸಿರು ನಿಧಾನವಾಯಿತು.

“ಕೈ ಸಪೂರ ಉಂಟು,” ಎಂದಳು ಕಡೆಗೆ. “ಅಮ್ಮನದ್ದೇ ಕೈ.”

ಮಡಿಲಿನಿಂದ ಒಂದು ತುಂಡು ಮಲ್ಲಿಗೆ ತೆಗೆದು, ಕನ್ನಡಿಯಿಂದ ಕಣ್ಣು ಕೀಳದೆ, ತಡವುತ್ತಾ ತಂದು ಆ ಅಂಗೈಯ ಮೇಲೆ ಇಟ್ಟಳು. ಅವಳ ಬೆರಳು ತಣ್ಣಗಿತ್ತು. ಅದು ಒಂದು ಕ್ಷಣ ಅಲ್ಲೇ ನಿಂತಿತು, ಬೆಚ್ಚಗಿನ ಚರ್ಮದ ಮೇಲೆ. ಆದರೂ ತಲೆಯೆತ್ತಲಿಲ್ಲ.

“ಹೇಳು ಮಗಳೇ,” ಎಂದಳು, “ನೀನು ಹೇಗೆ ಹೋದದ್ದು?”

ಅಮ್ಮ ಅವನನ್ನು ನೋಡುತ್ತಿದ್ದಳು. ಬಾಯಿಯೆಲ್ಲ ಕಹಿಯಾಯಿತು. ವಿಜೇತ್ ಕನ್ನಡಿಯ ಕಡೆ ನೋಡಿದ. ದಿನವೂ ಮುಖ ಕಾಣುವ ಆ ದುಂಡು ಗಾಜಿನಲ್ಲಿ ಹಸಿರು ಬಳೆ ತೊಟ್ಟ, ಹೂವು ಹಿಡಿದ ಒಂದು ಕೈ ಇತ್ತು. ಮುಖ ಇರಬೇಕಾದಲ್ಲಿ ಹಿಂದಿನ ಗೋಡೆ, ಬಾಗಿಲ ದಾರಂದ, ಗೋಡೆಗೂ ದಾರಂದಕ್ಕೂ ನಡುವೆ ಈ ಮನೆಯಲ್ಲೂ ಒಂದು ಸಪೂರ ಕಪ್ಪು ಸಂದಿ.